ಗೋಪುರದ ಬಾಗಿಲಲ್ಲಿ ಚಪ್ಪಲಿ ಎಣಿಸುತ್ತಿದ್ದವರು

ಹೋದ ತಿಂಗಳು ಮೇಸ್ತ್ರಿ ತೀರಿಕೊಂಡರು. ಸುದ್ದಿ ಕೇಳಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಅವರೊಂದಿಗೆ ಒಂದು ಮಾತನ್ನು ಮುಗಿಸುವುದಿತ್ತು. ಎಷ್ಟು ಸಲ ಶುರು ಮಾಡಿದರೂ ನಡುವೆ ಬಾಯಿ ಹಾಕಿ ಕೆಡಿಸುತ್ತಿದ್ದರು. ಈಗ ಮುಗಿಸಲು ಬಿಡದೆಯೇ ಹೋಗಿಬಿಟ್ಟರು. ಅವರ ಸ್ವಭಾವ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಯಲಬುರ್ಗಾದಿಂದ ಬೇವೂರಿನ ಕಡೆಗೆ ಹೋಗುವಾಗ ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರಗಳು ಕಾಣುತ್ತವೆ. ಊರವರು ಅವನ್ನು ಫ್ಯಾನ್ ಎನ್ನುತ್ತಾರೆ, ನಾವೂ ಹಾಗೇ ಅನ್ನುತ್ತಿದ್ದೆವು. ಇಂಜಿನಿಯರಿಂಗ್ ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಅಲ್ಲಿಯದು. ಅಷ್ಟರಲ್ಲಿ ಮೇಸ್ತ್ರಿ ಅಲ್ಲಿ ಹಳಬರಾಗಿದ್ದರು. ಮೊದಲ ಫ್ಯಾನಿಗೆ ಗುಂಡಿ ತೋಡಿದ ದಿನದಿಂದ ಇದ್ದವರು. ಅದಕ್ಕೂ ಮೊದಲು ಕುಷ್ಟಗಿಯಲ್ಲಿ ಪಂಪ್‌ಸೆಟ್ಟಿನ ಮೋಟರು ಕಟ್ಟುವ ಅಂಗಡಿ ಇಟ್ಟುಕೊಂಡಿದ್ದರಂತೆ. ಓದಿದ್ದು ಏಳನೆಯ ಇಯತ್ತೆ. ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ನಾನೂ ಇಲ್ಲಿ ಹೆಸರು ಬರೆಯುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ದಿನ ಅವರು ನನ್ನ ಪದವಿ ಕೇಳಲಿಲ್ಲ, ಊರು ಕೇಳಲಿಲ್ಲ. ನನ್ನ ಕಾಲು ನೋಡಿದರು.

"ಸಾಹೇಬ್ರ, ಬೂಟು ಹಾಕ್ಕೊಂಡು ಬಂದೀರಿ."

"ಸೇಫ್ಟಿ ಬೂಟು. ಕಂಪನಿ ಕೊಟ್ಟಿದ್ದು."

"ಅದು ಮ್ಯಾಲ ಹತ್ತಾಕ. ಮನಿಯಿಂದ ಚಪ್ಪಲ್ ಹಾಕ್ಕೊಂಡು ಬರಬೇಕು. ಇಲ್ಲಿ ಬಾಗಲದಾಗ ಚಪ್ಪಲ್ ಬಿಡಬೇಕು, ಆಮ್ಯಾಲ ಬೂಟು ಹಾಕ್ಕೊಂಡು ಹತ್ತಬೇಕು."

"ಯಾಕೆ?"

"ಕೆಳಗ ನಿಂತಾಂವಗ ಮ್ಯಾಲ ಎಷ್ಟು ಮಂದಿ ಅದಾರಂತ ಹೆಂಗ ತಿಳೀಬೇಕ್ರೀ?"

ಇದು ಮೇಸ್ತ್ರಿಯ ಪದ್ಧತಿ. ಹಳೆಯ ಕಾಲದಲ್ಲಿ ಪಂಪು ರಿಪೇರಿಗೆ ಬಾವಿಗೆ ಇಳಿಯುವವನು ತನ್ನ ಚಪ್ಪಲಿಯನ್ನು ದಂಡೆಯ ಮೇಲಿನ ಸ್ಟಾರ್ಟರ್ ಡಬ್ಬಿಯ ಕೆಳಗೆ ಬಿಡುತ್ತಿದ್ದನಂತೆ. ಕರೆಂಟು ಬಂತೆಂದು ಓಡಿ ಬಂದ ರೈತ ಚಪ್ಪಲಿ ನೋಡಿ ಕೈ ಹಿಂದೆ ತೆಗೆಯಬೇಕು. ಬಾವಿಯ ದಂಡೆಯಿಂದ ಆ ಪದ್ಧತಿಯನ್ನು ಅವರು ಹಾಗೇ ಎತ್ತಿ ತಂದು ಫ್ಯಾನು ಹೊತ್ತು ನಿಂತ ಉಕ್ಕಿನ ಗೋಪುರದ ಬಾಗಿಲಲ್ಲಿ ಇಟ್ಟಿದ್ದರು. ಬಾಗಿಲ ಮುಂದೆ ಮೂರು ಜೋಡಿ ಇದ್ದರೆ ಮೇಲೆ ಮೂವರು. ಒಂದೂ ಇಲ್ಲದಿದ್ದರೆ ಫ್ಯಾನ್ ಚಾಲೂ ಮಾಡಬಹುದು.

ಕಂಪನಿಯ ಪದ್ಧತಿ ಬೇರೆ ಇತ್ತು. ಹತ್ತುವ ಪ್ರತಿಯೊಬ್ಬನಿಗೂ ಒಂದು ಕೆಂಪು ಬೀಗ. ಕೆಳಗಿನ ಪ್ಯಾನಲ್ಲಿನ ಸ್ವಿಚ್ಚಿಗೆ ಅದನ್ನು ಹಾಕಿ ಕೀಲಿಯನ್ನು ಕಿಸೆಯಲ್ಲಿಟ್ಟುಕೊಂಡು ಹತ್ತಬೇಕು. ಅವನು ಇಳಿದು ಬಂದು ತೆಗೆಯುವವರೆಗೆ ಯಾರೂ ಫ್ಯಾನ್ ತಿರುಗಿಸಲಾಗದು. ಇದಕ್ಕಿಂತ ಸರಳವಾದದ್ದು ಏನಿದೆ? ಆದರೆ ಒಮ್ಮೆ ಒಬ್ಬಾತ ಕೀಲಿ ಕಿಸೆಯಲ್ಲಿಟ್ಟುಕೊಂಡೇ ಗಂಗಾವತಿಯ ಮದುವೆಗೆ ಹೋಗಿಬಿಟ್ಟನಂತೆ. ಒಳ್ಳೆಯ ಗಾಳಿಯಲ್ಲಿ ಫ್ಯಾನು ಎರಡು ದಿನ ಸುಮ್ಮನೆ ನಿಂತಿತು. ಅಂದಿನಿಂದ ಎಲ್ಲ ಬೀಗಗಳ ಇನ್ನೊಂದು ಕೀಲಿ ಮೇಸ್ತ್ರಿಯ ಜೀಪಿನ ತಗಡಿನ ಡಬ್ಬಿಯಲ್ಲಿರುತ್ತಿತ್ತು. ಬೀಗದ ವಿಷಯ ಎತ್ತಿದರೆ ಅವರು ಈ ಮದುವೆಯ ಕಥೆಯನ್ನೇ ಹೇಳುತ್ತಿದ್ದರು. ಕೊನೆಗೆ, "ಕೀಲಿ ಮರತು ಮನಿಗೆ ಹೋಗತಾರ. ಚಪ್ಪಲ್ ಮರತು ಬರಿಗಾಲಿಲೆ ಯಾರು ಹೋಗತಾರ, ಹೇಳ್ರಿ ನೋಡೂಣು" ಅನ್ನುವರು.

ನಾನು ಮೂರು ವರ್ಷ ಚಪ್ಪಲಿ ಬಿಡಲಿಲ್ಲ. ಮನೆಯಿಂದಲೇ ಬೂಟು ಹಾಕಿಕೊಂಡು ಬರುತ್ತಿದ್ದೆ. ನನ್ನ ಓದಿಗೆ ಅದು ಅವಮಾನ ಅನ್ನಿಸುತ್ತಿತ್ತು. ಅವರೂ ಮೂರು ವರ್ಷ ಹೇಳುವುದನ್ನು ಬಿಡಲಿಲ್ಲ. ದಿನಾ ಬೆಳಿಗ್ಗೆ ನನ್ನ ಕಾಲು ನೋಡಿ ನಾಲಗೆಯಿಂದ ಒಂದು "ಚ್ಚ್" ಎನ್ನುವರು. ಇನ್ನು ಬೇಡ ಅನ್ನುವಷ್ಟು ಸಾಕಾಗಿತ್ತು ಆ ಸದ್ದು.

ಎಣಿಸುವುದು ಅವರಿಗೆ ಚಟವೇ ಆಗಿತ್ತು. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗಿ ಬಂದರೆ, "ಇವತ್ತು ಬಾಗಲದಾಗ ಐವತ್ತೆರಡು ಜೋಡಿ. ಒಳಗ ಐವತ್ಮೂರು ಮಂದಿ, ಒಬ್ಬಾಂವ ಮಗನ ಸೈಕಲ್ ಮ್ಯಾಲ ಬರಿಗಾಲಿಲೆ ಬಂದಾನ" ಎಂದು ವರದಿ ಒಪ್ಪಿಸುವರು. ಇಟಗಿಯ ಗುಡಿಗೆ ಒಮ್ಮೆ ಎಲ್ಲರೂ ಹೋಗಿದ್ದೆವು. ನಾವು ಕಲ್ಲಿನ ಕೆತ್ತನೆ ನೋಡಿ ಬಾಯಿ ಬಿಡುತ್ತಿದ್ದರೆ ಅವರು ಮೆಟ್ಟಿಲ ಬಳಿ ನಿಂತು, ಒಳಗೆ ಹೋದವರೆಲ್ಲ ಹೊರಗೆ ಬಂದರೇ ಎಂದು ನೋಡುತ್ತಿದ್ದರು. ಊಟಕ್ಕೆ ಕೂತರೆ ನನ್ನ ಡಬ್ಬಿಯಲ್ಲಿದ್ದುದನ್ನು ಕೇಳದೆ ತೆಗೆದು, ಬದಲಿಗೆ ಎರಡು ಸಜ್ಜಿ ರೊಟ್ಟಿ, ಒಂದು ಮುಟಿಗೆ ಪುಂಡಿಪಲ್ಯ ಹಾಕುವರು. ಬೇಡ ಎಂದರೆ ಕಿವಿ ಕೇಳಿಸುತ್ತಿರಲಿಲ್ಲ. ಅದೇ ಕಿವಿ ಗೋಪುರದ ಉಕ್ಕಿಗೆ ಹಚ್ಚಿ ನಿಂತಾಗ ಎಪ್ಪತ್ತು ಮೀಟರ್ ಮೇಲಿನ ಬೇರಿಂಗಿಗೆ ಎಣ್ಣೆ ಕಡಿಮೆಯಾಗಿದ್ದನ್ನು ಹೇಳುತ್ತಿತ್ತು. ನಾನು ಯಂತ್ರ ಹಚ್ಚಿ ಅರ್ಧ ದಿನ ಪರೀಕ್ಷೆ ಮಾಡಿ ಅದನ್ನೇ ಹೇಳುತ್ತಿದ್ದೆ. ಇದಕ್ಕಿಂತ ಸಿಟ್ಟು ತರುವ ಮನುಷ್ಯ ಇನ್ನೊಬ್ಬ ಸಿಗಲಿಕ್ಕಿಲ್ಲ.

ಆ ವರ್ಷ ಕಂಪನಿಗೆ ಪಶ್ಚಿಮದ ಸಮುದ್ರದಲ್ಲಿ ಕೆಲಸ ಸಿಕ್ಕಿತು. ದಡದಿಂದ ಬಹುದೂರ ನೀರಿನ ನಡುವೆ ಗಾಳಿ ಅಳೆಯುವ ಗೋಪುರವೊಂದನ್ನು ನಿಲ್ಲಿಸಿದ್ದರು. ಮುಂದೆ ಅಲ್ಲಿ ಫ್ಯಾನುಗಳು ಬರುವ ಮಾತಿತ್ತು. ಅದನ್ನು ನೋಡಿಕೊಳ್ಳಲು ಪ್ರತಿ ಸೈಟಿನಿಂದ ಒಬ್ಬ ಹತ್ತುವವನನ್ನು ಕೇಳಿ ಕಾಗದ ಬಂತು. ನಮ್ಮಲ್ಲಿ ಚೆನ್ನಾಗಿ ಹತ್ತುವವರು ಯಾರೆಂಬ ಪ್ರಶ್ನೆಯೇ ಇರಲಿಲ್ಲ. ಮೇಸ್ತ್ರಿಯ ಹೆಸರು ಹೋಯಿತು. ಒಂದೇ ಷರತ್ತು, ಈಜು ಬರಬೇಕು.

ಐವತ್ತು ದಾಟಿದ ಆ ಮನುಷ್ಯ ಅದುವರೆಗೆ ಸಮುದ್ರ ಕಂಡಿರಲಿಲ್ಲ. ಬಾವಿಗೆ ಇಳಿದದ್ದೂ ಹಗ್ಗ ಹಿಡಿದೇ. ಆದರೆ ಆ ಕಾಗದ ಬಂದ ದಿನದಿಂದ ಅವರ ಬಾಯಲ್ಲಿ ಬೇರೆ ಮಾತಿಲ್ಲ.

"ಇಲ್ಲಿ ಗಾಳಿ ಗುಡ್ಡಕ್ಕ ಬಡದು, ಜಾಲಿಗಿಡಕ್ಕ ತೊಡರಿ, ಕುಂಟಕೋತ ಬರತೈತ್ರೀ ಸಾಹೇಬ್ರ. ಅಲ್ಲಿ ಅದಕ್ಕ ಅಡ್ಡ ಏನೂ ಇಲ್ಲಂತಲ್ಲ. ಒಮ್ಮೆ ಅಂಥಾ ಗಾಳಿ ಮಾರಿಗೆ ಬಡಿಸಿಕೋಬೇಕು ನೋಡ್ರಿ. ಅಷ್ಟಾದ್ರ ಸಾಕು."

ಮತ್ತೆ ಕೇಳಿದರು, "ಸಮುದ್ರದಾಗ ಚಪ್ಪಲ್ ಎಲ್ಲಿ ಬಿಡತಾರ್ರೀ?"

"ಅಲ್ಲಿ ಚಪ್ಪಲಿ ಹಾಕಲ್ಲ ಮೇಸ್ತ್ರಿ."

"ಮತ್ತ ಎಣಸೂದು ಹೆಂಗ?"

ಈಜು ಕಲಿಯಲು ಅವರು ಆರಿಸಿಕೊಂಡ ಜಾಗ ವಿರೂಪಾಪುರಗಡ್ಡೆ. ಜೊತೆಗೆ ಆರಿಸಿಕೊಂಡ ಮನುಷ್ಯ ನಾನು. ಭಾನುವಾರ ಬೆಳಿಗ್ಗೆ ನನ್ನ ಕೋಣೆಯ ಬಾಗಿಲು ಬಡಿದು, "ಏಳ್ರಿ, ನಿಮಗೂ ಬರಂಗಿಲ್ಲಲ್ಲ" ಎನ್ನುವರು. ಗಂಗಾವತಿ ದಾಟಿ ಹೊಳೆಗೆ ಹೋಗುತ್ತಿದ್ದೆವು. ಬಂಡೆಗಳ ನಡುವೆ ನೀರು ನಿಂತ ಮಡುವಿನಲ್ಲಿ, ಬೆನ್ನಿಗೆ ಖಾಲಿ ಎಣ್ಣೆ ಕ್ಯಾನು ಕಟ್ಟಿಕೊಂಡು ಇಬ್ಬರೂ ಕೈಕಾಲು ಬಡಿಯುತ್ತಿದ್ದೆವು. ಗದ್ದೆಗೆ ಹೋಗುವ ಹೆಂಗಸರು ನಿಂತು ನಗುತ್ತಿದ್ದರು. ಒಬ್ಬಾಕೆ, "ಅಜ್ಜಾ, ಈ ವಯಸ್ಸಿನ್ಯಾಗ ಯಾರ ಕೂಡ ಓಡಿಹೋಗಾಕ ಕಲ್ಯಾಕ್ಹತ್ತೀಯೋ?" ಎಂದು ಕೇಳಿಯೇ ಬಿಟ್ಟಳು. "ಗಾಳಿ ಕೂಡವ್ವಾ!" ಎಂದರು ಇವರು, ಬಾಯಲ್ಲಿ ಅರ್ಧ ಹೊಳೆ ತುಂಬಿಕೊಂಡು.

ಈಜಿಗೇ ನಿಲ್ಲಲಿಲ್ಲ. ಸಮುದ್ರದಲ್ಲಿ ದೋಣಿಯಿಂದ ಗೋಪುರದ ಏಣಿಗೆ ಕಾಲಿಡುವುದೇ ಕಷ್ಟವೆಂದು, ದೋಣಿ ಅಲೆಯ ಮೇಲೆ ಏರಿದ ಕ್ಷಣದಲ್ಲೇ ಏಣಿ ಹಿಡಿಯಬೇಕೆಂದು ಮೊಬೈಲಿನ ವಿಡಿಯೋದಲ್ಲಿ ನೋಡಿದ್ದರು. ಹರಿಗೋಲಿನವನನ್ನು ಗೊತ್ತು ಮಾಡಿ, "ಅಲುಗಾಡ್ಸಪಾ, ಜೋರು ಅಲುಗಾಡ್ಸು" ಎಂದು ಅದರಲ್ಲಿ ನಿಂತು, ಪಕ್ಕದ ಬಂಡೆಗೆ ಜಿಗಿಯುವರು. ನನಗೂ ಬಿಡುಗಡೆ ಇಲ್ಲ. ನಾಲ್ಕು ಸಲ ಬಿದ್ದೆ, ಮೊಣಕಾಲು ಕೆತ್ತಿಹೋಯಿತು. ಹರಿಗೋಲಿನವನು, "ಯಪ್ಪಾ, ಇವರನ್ನ ಸಂಜಿಮಟ ಇಟಗೊಂಡ್ರ ನನ್ನ ಹರಗೋಲು ಹರದು ಹೋಗತೈತಿ" ಎಂದು ಗೊಣಗಿದ. ಮೂರು ತಿಂಗಳಲ್ಲಿ ಮೇಸ್ತ್ರಿ ಕ್ಯಾನು ಬಿಚ್ಚಿ ಈಜಿದರು. ನಾನು ಹೇಗೋ ಮುಳುಗದೆ ಇರುವಷ್ಟು ಕಲಿತೆ.

ಅವರು ಹೊರಡಲು ಇನ್ನು ಹದಿನೈದು ದಿನ ಇತ್ತು. ಆಗ ಆದದ್ದು ನನ್ನನ್ನು ಇನ್ನೂ ಬಿಟ್ಟಿಲ್ಲ. ಮನೆಯಲ್ಲಿ ವಾಷಿಂಗ್ ಮಷಿನ್ ತಿರುಗುತ್ತಿದ್ದರೆ ನಾನು ಆ ಕೋಣೆಯಲ್ಲಿ ನಿಲ್ಲಲಾರೆ.

ಬೇವೂರಿನ ಕಡೆಯ ಕೊನೆಯ ಫ್ಯಾನು. ನಾನೂ ಒಬ್ಬ ವೈರ್‌ಮನ್ನೂ ಬೆಳಿಗ್ಗೆ ನನ್ನ ಬೈಕಿನಲ್ಲಿ ಹೋಗಿ ಹತ್ತಿದ್ದೆವು. ಮೂರು ರೆಕ್ಕೆಗಳು ಬಂದು ಕೂಡುವ ಜಾಗ ಒಳಗೆ ಪೊಳ್ಳಾಗಿರುತ್ತದೆ, ಒಬ್ಬ ಮನುಷ್ಯ ನುಸುಳಿ ಕುಳಿತು ಕೆಲಸ ಮಾಡುವಷ್ಟು. ಅದನ್ನು ಹಬ್ ಎನ್ನುತ್ತೇವೆ. ಅದರೊಳಗೆ ಹೋಗುವ ಮೊದಲು ರೆಕ್ಕೆ ತಿರುಗದಂತೆ ಮೇಲೊಂದು ದಪ್ಪ ಪಿನ್ನು ತೂರಿಸಬೇಕು. ಆ ಫ್ಯಾನಿನ ಪಿನ್ನು ತುಕ್ಕು ಹಿಡಿದು ತೂತಿಗೆ ಕೂರುತ್ತಿರಲಿಲ್ಲ. ಸಣ್ಣ ಕೆಲಸವಾದರೆ ಎಲ್ಲರೂ ಬ್ರೇಕನ್ನೇ ನಂಬಿ ಒಳಗೆ ಹೋಗುತ್ತಿದ್ದೆವು. ಹಾಗಾಗಿ ಉಳಿದದ್ದು ಕೆಳಗಿನ ಬೀಗ ಒಂದೇ. ನನ್ನ ಬೀಗ ಬೈಕಿನ ಡಬ್ಬಿಯಲ್ಲಿತ್ತು. ತೆಗೆಯಲು ಬೇಸರ ಮಾಡಿಕೊಂಡೆ. ಅರ್ಧ ಗಂಟೆಯ ಕೆಲಸ ಎಂದುಕೊಂಡೆ. ವೈರ್‌ಮನ್ ತನ್ನ ಬೀಗ ಹಾಕಿದ್ದ, ಬಾಗಿಲಲ್ಲಿ ಚಪ್ಪಲಿಯನ್ನೂ ಬಿಟ್ಟಿದ್ದ.

ಮಧ್ಯಾಹ್ನ ಅವನ ಕೆಲಸ ಮುಗಿಯಿತು. ನನಗೆ ಇನ್ನೂ ಒಂದು ತಂತಿ ಬಿಗಿಯುವುದಿತ್ತು. ಊಟ ತರುತ್ತೇನೆಂದು ಅವನು ಇಳಿದ. ತನ್ನ ಬೀಗ ತೆಗೆದ, ಚಪ್ಪಲಿ ಮೆಟ್ಟಿದ, ನನ್ನ ಬೈಕು ಹತ್ತಿ ಬೇವೂರಿಗೆ ಹೋದ. ಅವನದು ಏನೂ ತಪ್ಪಿಲ್ಲ, ಇಳಿದವನು ತನ್ನ ಬೀಗ ತೆಗೆಯುವುದೇ ನಿಯಮ. ನನ್ನ ಬೀಗವೂ ಬೈಕಿನ ಡಬ್ಬಿಯಲ್ಲಿ ಕುಳಿತು ಊಟ ತರಲು ಹೋಯಿತು.

ಅವನು ಹೋದ ಸ್ವಲ್ಪ ಹೊತ್ತಿಗೆ ಮೇಸ್ತ್ರಿಯ ಜೀಪು ಬಂತು. ಗಾಳಿ ಜೋರಾಗಿತ್ತು. ಆ ಫ್ಯಾನು ಯಾಕೆ ನಿಂತಿದೆ ಎಂದು ಕಚೇರಿಯಿಂದ ಅವರಿಗೆ ಮೇಲಿಂದ ಮೇಲೆ ಫೋನು. ಬಂದು ನೋಡಿದರೆ ಬೈಕಿಲ್ಲ, ಬೀಗವಿಲ್ಲ, ಬಾಗಿಲಲ್ಲಿ ಚಪ್ಪಲಿ ಇಲ್ಲ. ಬಾಗಿಲು ಮಾತ್ರ ತೆರೆದಿತ್ತು. ಹಾಕದೆ ಹೋಗಿದ್ದಾರೆಂದು ಬೈದುಕೊಂಡು ಒಳಗೆ ಬಂದು ಬಟನ್ ಒತ್ತಿದರು.

ನನ್ನ ಬೆನ್ನ ಹಿಂದೆ ಬ್ರೇಕು ಉಸಿರು ಬಿಟ್ಟಂಥ ಸದ್ದು ಕೇಳಿತು. ನಾನು ಕುಳಿತಿದ್ದ ಗೋಡೆ ನಿಧಾನವಾಗಿ ಎದ್ದಿತು. ಅವಸರವೇ ಇಲ್ಲ ಅದಕ್ಕೆ. ಅದು ನನಗೆ ಇಂದಿಗೂ ಮರೆಯದ ಸಂಗತಿ. ನಾನು ಒಳಬಂದಿದ್ದ ಕಿಂಡಿ ತಲೆಯ ಮೇಲೆ ಹೋಯಿತು, ಮತ್ತೆ ಪಕ್ಕಕ್ಕೆ ಬಂತು. ನಾನು ಜಾರಿ ಭುಜದ ಮೇಲೆ ಬಿದ್ದೆ. ಸ್ಪ್ಯಾನರು, ಗ್ರೀಸ್ ಗನ್ನು, ಬೋಲ್ಟಿನ ಡಬ್ಬಿ ಎಲ್ಲ ನನ್ನೊಂದಿಗೆ ಉರುಳಿದವು. ಕೂಗಿದೆನೋ ಇಲ್ಲವೋ ಗೊತ್ತಿಲ್ಲ. ಇನ್ನೊಮ್ಮೆ ಮೇಲೆ ಹೋಗುತ್ತಿರುವಾಗ ಇಡೀ ಯಂತ್ರ ಧಡ್ ಎಂದು ನಿಂತಿತು. ಆಗಿದ್ದು ಒಂದೂವರೆ ಸುತ್ತು.

ಉಕ್ಕಿನ ಗೋಪುರದಲ್ಲಿ ಸ್ಪ್ಯಾನರು ಉರುಳಿದ ಸದ್ದು ಆ ಕಿವಿಗೆ ತಲುಪಿತ್ತು. ಬೇರೆ ಯಾರಾದರೂ ಕೆಳಗಿದ್ದರೆ ಯಂತ್ರದ ಸದ್ದೆಂದು ಸುಮ್ಮನಿರುತ್ತಿದ್ದರೇನೋ.

ಮೇಸ್ತ್ರಿ ಬೆಲ್ಟು ಹಾಕದೆ ಹತ್ತಿ ಬಂದರು. ಬೆಲ್ಟಿಲ್ಲದೆ ಎರಡು ಮೆಟ್ಟಿಲು ಹತ್ತಿದವನಿಗೆ ಕಪಾಳಕ್ಕೆ ಹೊಡೆಯುತ್ತಿದ್ದ ಮನುಷ್ಯ. ಕಿಂಡಿಯಲ್ಲಿ ಅವರ ಮುಖ ಕಂಡಿತು. ತುಟಿ ಬಿಳಿಚಿತ್ತು. ಕೈ ಚಾಚಿ ನನ್ನನ್ನು ಎಳೆದುಕೊಂಡರು. ಆಗ ಅವರು ಆಡಿದ ಮೊದಲ ಮಾತು ಇದು:

"ಚಪ್ಪಲ್ ಎಲ್ಲಿ ಬಿಟ್ಟೀರಿ?"

ಮುರಿದ ಭುಜದ ನೋವಿನಲ್ಲೂ ನನಗೆ ಅವರನ್ನು ಹೊಡೆಯಬೇಕೆನ್ನಿಸಿತ್ತು.

ವಾರದ ಮೇಲೆ ಯಲಬುರ್ಗಾದ ಕಚೇರಿಯಲ್ಲಿ ವಿಚಾರಣೆ. ದೊಡ್ಡ ಕಚೇರಿಯಿಂದ ಒಬ್ಬ ಅಧಿಕಾರಿ ಬಂದಿದ್ದರು. ಮೇಜಿನ ಈಚೆ ಎರಡು ಕುರ್ಚಿ, ಒಂದರಲ್ಲಿ ಕೊರಳಿನ ಪಟ್ಟಿಯಲ್ಲಿ ಕೈ ತೂಗುಹಾಕಿಕೊಂಡ ನಾನು, ಇನ್ನೊಂದರಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ ಮೇಸ್ತ್ರಿ. ಬೀಗ ಹಾಕದೆ ಹತ್ತಿದವನನ್ನು ಕೆಲಸದಿಂದ ತೆಗೆಯುವುದು ನಿಯಮ. ಅದು ನನಗೂ ಗೊತ್ತಿತ್ತು.

"ನಿಮ್ಮ ಬೀಗ ಹಾಕಿದ್ದಿರಾ?" ಎಂದು ಅಧಿಕಾರಿ ನನ್ನನ್ನು ಕೇಳಿದರು.

"ಹಾಕಿದ್ದೆ ಸರ್."

ಯೋಚಿಸಿ ಹೇಳಿದ ಸುಳ್ಳಲ್ಲ. ಬಾಯಿಂದ ಬಿತ್ತು. ಮುಂದಿನ ಪ್ರಶ್ನೆ ಏನಿರುತ್ತದೆಂದು ಕೂಡ ಹೊಳೆದಿರಲಿಲ್ಲ.

"ಬೀಗ ಇದ್ದರೆ ಸ್ವಿಚ್ ತಿರುಗಿದ್ದು ಹೇಗೆ?"

ನಾನು ಮೇಜಿನ ಮೇಲಿನ ನೀರಿನ ಲೋಟ ನೋಡುತ್ತಿದ್ದೆ. ಮೇಸ್ತ್ರಿ ಒಮ್ಮೆ ನನ್ನ ಕಡೆ ತಿರುಗಿದ್ದು ಗೊತ್ತಾಯಿತು. ನಾಲಗೆಯಿಂದ "ಚ್ಚ್" ಎಂದರು. ಆಮೇಲೆ ಹೇಳಿದರು:

"ನನ್ನ ಡಬ್ಬಿಯಾಗ ಇನ್ನೊಂದು ಕೀಲಿ ಇರತೈತ್ರೀ ಸರ್. ಅದರಲೆ ತಗದು ಚಾಲೂ ಮಾಡಿದೆ. ನಂದಽ ತಪ್ಪು."

ಅಧಿಕಾರಿ ಬರೆದುಕೊಂಡರು. ಬಾಯಿ ತೆರೆಯಲು ನನಗೆ ಸಾಕಷ್ಟು ಸಮಯವಿತ್ತು. ಆ ಮನುಷ್ಯ ಬಹಳ ನಿಧಾನವಾಗಿ ಬರೆಯುತ್ತಿದ್ದರು. ನಾನು ತೆರೆಯಲಿಲ್ಲ. ಹಳಬರೆಂದು ಮೇಸ್ತ್ರಿಯ ಕೆಲಸ ಉಳಿಯಿತು, ಸಮುದ್ರ ಹೋಯಿತು.

ಹೊರಗೆ ಬಂದ ಮೇಲೆ ಅವರ ತೋಳು ಹಿಡಿದು ಕೇಳಿದೆ, "ಯಾಕೆ ಹಾಗೆ ಹೇಳಿದಿರಿ?"

"ಚಾ ಕುಡೀತೀರೇನು?"

"ಮೇಸ್ತ್ರಿ, ನಾನು ಬೀಗ ಹಾಕಿರಲಿಲ್ಲ."

"ಗೊತ್ತೈತಿ. ಇದ್ದಿದ್ರ ನಾ ನೋಡತಿದ್ದಿಲ್ಲೇನು?" ಹೋಟೆಲಿನವನಿಗೆ ಎರಡು ಬೆರಳು ತೋರಿಸಿ ಬೆಂಚಿನ ಮೇಲೆ ಕುಳಿತರು. "ನೀವು ಚಪ್ಪಲ್ ಬಿಡಂಗಿಲ್ಲಂತ ಮೂರು ವರ್ಷದಿಂದ ನನಗ ಗೊತ್ತು. ದಿನಾ ನೋಡತಿದ್ನಲ್ಲ. ಗೊತ್ತಿದ್ದೂ ಬಾಗಲದಾಗ ಚಪ್ಪಲ್ ಇಲ್ಲಂತ ಬಟನ್ ಒತ್ತಿದೆ. ಮ್ಯಾಲ ಮಾರಿ ಎತ್ತಿ ಒಂದ್ಸಲ 'ಸಾಹೇಬ್ರಽ' ಅಂತ ಕೂಗಿದ್ರ ಏನ್ ಹೋಗತಿತ್ತು ನಂದು? ಬೀಗದ್ದು ನಿಮ್ಮ ತಪ್ಪು. ಇದನ್ನ ಯಾರ ಹೆಸರಿಗೆ ಬರಿಯೂದು?"

"ಆದರೂ ಸಮುದ್ರ..."

"ಇಬ್ರೂ ಯಾಕ ಮುಳುಗಬೇಕ್ರೀ? ನಿಮಗಿನ್ನೂ ಈಜು ಸರಿ ಬರಂಗಿಲ್ಲ." ಚಹಾ ಬಂತು. "ಕುಡೀರಿ, ಆರತೈತಿ."

ಮರುದಿನ ನನ್ನ ಕೋಣೆಯ ಬಾಗಿಲಲ್ಲಿ ಹೊಸ ಹವಾಯಿ ಚಪ್ಪಲಿ ಒಂದು ಜೋಡಿ ಇತ್ತು. ಯಾರಿಟ್ಟರೆಂದು ಕೇಳುವ ಅಗತ್ಯ ಬೀಳಲಿಲ್ಲ. ಅಳತೆಯೂ ಸರಿಯಾಗಿತ್ತು. ಮೂರು ವರ್ಷ ನನ್ನ ಕಾಲು ನೋಡಿದವರಲ್ಲವೇ.

ಮೂಳೆ ಕೂಡಿದ ಮೇಲೆ ಅವರ ಜಾಗಕ್ಕೆ ಸಮುದ್ರಕ್ಕೆ ಕಳಿಸಿದ್ದು ನನ್ನನ್ನು. ನಮ್ಮ ಸೈಟಿನಲ್ಲಿ ಈಜು ಬರುವ ಇನ್ನೊಬ್ಬನೆಂದರೆ ನಾನೇ. ಅವರ ಕಾಟಕ್ಕೇ ಕಲಿತದ್ದು.

ಮೊದಲ ದಿನ ದೋಣಿ ಗೋಪುರದ ಹತ್ತಿರ ಬಂದಾಗ ಅಲೆಯ ಮೇಲೆ ಏರಿತು, ಇಳಿಯಿತು, ಏರಿತು. ನನ್ನ ಕಾಲಿಗೆ ಅದು ಗೊತ್ತಿದ್ದ ಕುಲುಕಾಟ. ಏರಿದ ಹೊತ್ತಿಗೆ ಏಣಿ ಹಿಡಿದೆ. ಹತ್ತುವ ಮುಂಚೆ ದೋಣಿಯವನು ಪ್ರತಿಯೊಬ್ಬನಿಂದ ಅವನ ಹೆಸರಿನ ಬಿಲ್ಲೆ ಇಸಿದುಕೊಂಡು ಹಲಗೆಯ ಮೊಳೆಗೆ ತೂಗುಹಾಕಿದ್ದ. ಇಳಿದು ಬಂದವನು ತನ್ನ ಬಿಲ್ಲೆ ತೆಗೆದುಕೊಳ್ಳಬೇಕು. ಹಲಗೆ ಖಾಲಿಯಾಗದೆ ದೋಣಿ ಕದಲುವುದಿಲ್ಲ. ಸಂಜೆ ದಡಕ್ಕೆ ಬಂದೊಡನೆ ಮೇಸ್ತ್ರಿಗೆ ಫೋನು ಮಾಡಿ ಇದನ್ನು ಹೇಳಿದೆ.

ಆ ಕಡೆಯಿಂದ ಬಂದ ಗೆಲುವಿನ ನಗು ಇನ್ನೂ ಕಿವಿಯಲ್ಲಿದೆ. "ಚಪ್ಪಲ್ ಅಲ್ಲೇನ್ರೀ ಮತ್ತ ಅದು! ಇಷ್ಟು ದಿನಾ ನಾ ಏನ್ ಹೇಳತಿದ್ದೆ?" ಆಮೇಲೆ ಸ್ವರ ತಗ್ಗಿಸಿ, "ಬರೇ ಎಣಿಸಿ ಬಿಡಬ್ಯಾಡಂತ ಹೇಳ್ರಿ ಆ ದೋಣಿಯವಗ. ಒಬ್ಬೊಬ್ರ ಹೆಸರು ಹಿಡದು ಕೂಗಬೇಕು." ಕೊನೆಗೆ ಕೇಳಿದರು, "ಗಾಳಿ ಹೆಂಗೈತ್ರೀ?"

ನಾನು ಫೋನನ್ನು ಸಮುದ್ರದ ಕಡೆ ಹಿಡಿದೆ. ಬಹಳ ಹೊತ್ತಾದರೂ ಅವರು ಕಟ್ ಮಾಡಲಿಲ್ಲ.

ಅವರು ನಿವೃತ್ತರಾದಾಗ ನಾನು ಕರಾವಳಿಯಿಂದ ರಜೆ ಹಾಕಿ ಬಂದೆ. ಕಚೇರಿಯ ಮುಂದೆ ಶಾಮಿಯಾನ ಹಾಕಿ ಶಾಲು ಹೊದಿಸಿ, ಹಾರ ಹಾಕಿ ಕೂರಿಸಿದ್ದರು. ನನಗೂ ಮೈಕು ಕೊಟ್ಟರು. ಆಡಬೇಕಾದ ಮಾತನ್ನು ಎರಡು ರಾತ್ರಿಯಿಂದ ಗಟ್ಟಿ ಮಾಡಿಕೊಂಡು ಬಂದಿದ್ದೆ. "ಇವರು ಸಮುದ್ರಕ್ಕೆ ಹೋಗದಂತೆ ಆದದ್ದು ನನ್ನಿಂದ. ಆ ದಿನ ನಾನು ಬೀಗ ಹಾಕಿರಲಿಲ್ಲ" ಎಂದೆ.

ಹಾರದ ಹಿಂದಿನಿಂದ ಗಟ್ಟಿ ದನಿ ಬಂತು. "ಹಾಕಿದ್ರಿ, ಹಾಕಿದ್ರಿ. ಸಾಹೇಬ್ರಿಗೆ ಉಪ್ಪುನೀರಾಗ ಇದ್ದು ಮರವು ಬಂದೈತಿ. ಅವರ ಕೈಯಾಗಿಂದ ಆ ಮೈಕ್ ಇಸಗೊಂಡು ಊಟಕ್ಕ ಎಬ್ಬಸ್ರಿ."

ಎಲ್ಲರೂ ಗೊಳ್ಳೆಂದು ನಕ್ಕರು. ಯಾರೋ ಮೈಕು ತೆಗೆದುಕೊಂಡರು. ಪಂಕ್ತಿಯಲ್ಲಿ ಮೇಸ್ತ್ರಿ ನನ್ನ ಪಕ್ಕದಲ್ಲೇ ಕುಳಿತು, ಕೇಳದೆ ನನ್ನ ಎಲೆಗೆ ಎರಡು ಹೋಳಿಗೆ ಹಾಕಿಸಿದರು. ನಾನು ಮತ್ತೆ ಬಾಯಿ ತೆರೆದೆ. "ತಿನ್ನೂ ಮುಂದ ಮಾತಾಡಬಾರದ್ರೀ" ಎಂದರು.

ಈ ಬರಹದ ಒಂದು ಪ್ರತಿಯನ್ನು ಕಂಪನಿಗೆ ಕಳಿಸಿದ್ದೇನೆ. ಕಡತದಲ್ಲಿ ಅವರ ಹೆಸರಿನ ಮುಂದೆ ಬರೆದದ್ದನ್ನು ತಿದ್ದಲಿ, ನನ್ನನ್ನು ಏನು ಮಾಡುವರೋ ಮಾಡಲಿ.

ಈಗ ಬಾಯಿ ಹಾಕಿ ಮೇಸ್ತ್ರಿ, ನೋಡೋಣ. ಆ ದಿನ ಸ್ವಿಚ್ಚಿಗೆ ಬೀಗ ಇರಲಿಲ್ಲ. ನೀವು ಯಾವ ಕೀಲಿಯಿಂದ ಏನನ್ನೂ ತೆಗೆಯಲಿಲ್ಲ. ನನ್ನ ಬೀಗ ಬೈಕಿನ ಡಬ್ಬಿಯಲ್ಲಿತ್ತು.